ನರ ಹೇಳಿದ್ದು ಸ್ನಾಯುವಿಗೆ ಕೇಳದಿದ್ದಾಗ: ಕಟ್ಟುಹಾವಿನ ವಿಷವೂ ತಾಲ್ಲೂಕು ಆಸ್ಪತ್ರೆಯ ವೆಂಟಿಲೇಟರೂ

ಮಳೆಗಾಲದ ರಾತ್ರಿ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದವರಿಗೆ ಬೆಳಗಿನ ಜಾವ ಎಚ್ಚರವಾಗುತ್ತದೆ. ಹೊಟ್ಟೆ ಹಿಂಡುವ ನೋವು. ರಾತ್ರಿ ಉಂಡದ್ದು ಆಗಿಬರಲಿಲ್ಲ ಅಂದುಕೊಂಡು ಮನೆಯವರು ಓಮದ ಕಷಾಯ ಮಾಡಿ ಕೊಡುತ್ತಾರೆ. ಅದು ಗಂಟಲಲ್ಲಿ ಇಳಿಯುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಎರಡೂ ಕಣ್ಣಿನ ರೆಪ್ಪೆ ಜೋತುಬಿದ್ದಿವೆ. ಮಾತು ಮೂಗಿನಲ್ಲಿ ಬರುತ್ತಿದೆ. ಮೈಮೇಲೆ ಎಲ್ಲೂ ಊತವಿಲ್ಲ, ರಕ್ತವಿಲ್ಲ. ಹಲ್ಲಿನ ಗುರುತು ಹುಡುಕಿದರೂ ಸಿಗುವುದಿಲ್ಲ.

ಕಟ್ಟುಹಾವು ಕಚ್ಚಿದರೆ ಹೀಗಾಗುತ್ತದೆ. ಕೆಲವು ಕಡೆ ಇದನ್ನು ಕಡಂಬಳ ಅಂತಾರೆ. ರಾತ್ರಿ ಓಡಾಡುವ ಹಾವು, ಹಲ್ಲು ಬಹಳ ಸಣ್ಣದು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನೆಲದ ಮೇಲೆ ಮಲಗುವವರೇ ಇದಕ್ಕೆ ಜಾಸ್ತಿ ಸಿಕ್ಕಿಬೀಳುತ್ತಾರೆ.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮರು ತಿಂಗಳೇ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಯಾ ಯೋಜನೆ ತಂದಿತು. 2030ರೊಳಗೆ ಸಾವು ಅರ್ಧಕ್ಕೆ ಇಳಿಯಬೇಕು ಅನ್ನುವುದು ಅದರ ಗುರಿ. ಇಷ್ಟೆಲ್ಲ ಆದ ಮೇಲೂ ಊರಲ್ಲಿ, ಪೇಪರಿನಲ್ಲಿ, ಟಿವಿಯಲ್ಲಿ ನಾವು ಕೇಳುವ ಪ್ರಶ್ನೆ ಒಂದೇ: ಆಸ್ಪತ್ರೆಯಲ್ಲಿ ಹಾವಿನ ಇಂಜೆಕ್ಷನ್ ಇದೆಯಾ?

ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಕಟ್ಟುಹಾವಿನ ಮಟ್ಟಿಗೆ ಅದು ಅರ್ಧ ಪ್ರಶ್ನೆ. ಇನ್ನರ್ಧ ಏನು ಅಂತ ತಿಳಿಯಬೇಕಾದರೆ ನರ ಸ್ನಾಯುವನ್ನು ಮುಟ್ಟುವ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ನಿಜ ಹೇಳಬೇಕೆಂದರೆ ನರ ಸ್ನಾಯುವನ್ನು ಮುಟ್ಟುವುದೇ ಇಲ್ಲ. ನಡುವೆ ಒಂದು ಸಂದು ಇದೆ. ಅಗಲ ಸುಮಾರು 50 ನ್ಯಾನೋಮೀಟರ್. ತಲೆಕೂದಲಿನ ದಪ್ಪವನ್ನು ಒಂದೂವರೆ ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟಾದೀತೋ ಅಷ್ಟು. ಮೆದುಳಿನಿಂದ ಹೊರಟ ವಿದ್ಯುತ್ ಸಂಕೇತ ಈ ಸಂದಿನ ಆಚೆ ದಡಕ್ಕೆ ಹಾರಲಾರದು. ಆದ್ದರಿಂದ ಇಲ್ಲಿ ಮಾತು ರಾಸಾಯನಿಕವಾಗಿ ದಾಟಬೇಕು. ದಾಟಿಸುವ ಕೆಲಸ ಪ್ರೋಟೀನುಗಳದ್ದು.

ನರದ ತುದಿಯೊಳಗೆ ಸಾವಿರಾರು ಪುಟ್ಟ ಚೀಲಗಳಿವೆ. ಒಂದೊಂದರಲ್ಲೂ ಅಸಿಟೈಲ್‌ಕೋಲಿನ್ ಅನ್ನುವ ವಸ್ತುವಿನ 5,000ದಿಂದ 10,000 ಕಣಗಳು. ಸಂಕೇತ ಬಂದು ತಟ್ಟಿದ ಕೂಡಲೇ ತುದಿಯಲ್ಲಿರುವ ಕ್ಯಾಲ್ಸಿಯಂ ಬಾಗಿಲುಗಳು ತೆರೆಯುತ್ತವೆ. ಒಳಗೆ ನುಗ್ಗಿದ ಕ್ಯಾಲ್ಸಿಯಮ್ಮನ್ನು ಗುರುತು ಹಿಡಿಯಲು ಸಿನಾಪ್ಟೊಟ್ಯಾಗ್ಮಿನ್ ಅನ್ನುವ ಪ್ರೋಟೀನ್ ಕಾದಿರುತ್ತದೆ. ಚೀಲದ ಮೇಲಿನ ಒಂದು ಪ್ರೋಟೀನ್ ಮತ್ತು ನರದ ಪೊರೆಯ ಎರಡು ಪ್ರೋಟೀನ್ ಮೊದಲೇ ಒಂದಕ್ಕೊಂದು ಸುತ್ತಿಕೊಳ್ಳಲು ಶುರುಮಾಡಿರುತ್ತವೆ, ಹಗ್ಗ ಹೊಸೆದ ಹಾಗೆ. ಸಿನಾಪ್ಟೊಟ್ಯಾಗ್ಮಿನ್ ಸಿಗ್ನಲ್ ಕೊಟ್ಟದ್ದೇ ಹೊಸೆತ ಬಿಗಿಯಾಗುತ್ತದೆ. ಚೀಲ ಎಳೆದುಕೊಂಡು ಬಂದು ಪೊರೆಗೆ ಬೆಸೆದುಕೊಂಡು ಬಾಯಿ ಬಿಡುತ್ತದೆ. ಇಷ್ಟೆಲ್ಲ ಆಗಲು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಸಾಕು. ಈ ಯಂತ್ರದ ಗುಟ್ಟು ಬಿಡಿಸಿದ ಥಾಮಸ್ ಸುಡೋಫ್, ಜೇಮ್ಸ್ ರಾತ್‌ಮನ್ ಮತ್ತು ರ್‍ಯಾಂಡಿ ಶೆಕ್‌ಮನ್ ಅವರಿಗೆ 2013ರಲ್ಲಿ ನೊಬೆಲ್ ಬಂತು.

ಆಚೆ ದಡದಲ್ಲಿ ಸ್ನಾಯುವಿನ ಪೊರೆ. ಅದರ ಮಡಿಕೆಗಳ ನೆತ್ತಿಯಲ್ಲಿ ಅಸಿಟೈಲ್‌ಕೋಲಿನ್ ಹಿಡಿಯುವ ರಿಸೆಪ್ಟರುಗಳು ಒತ್ತೊತ್ತಾಗಿ ನಿಂತಿವೆ. ಒಂದು ಚದರ ಮೈಕ್ರೋಮೀಟರ್ ಜಾಗದಲ್ಲಿ ಸುಮಾರು 10,000. ಪ್ರತಿ ರಿಸೆಪ್ಟರೂ ಐದು ಪ್ರೋಟೀನ್ ತುಂಡುಗಳನ್ನು ಸುತ್ತ ನಿಲ್ಲಿಸಿ ಮಾಡಿದ ಕೊಳವೆ. ಎರಡು ಅಸಿಟೈಲ್‌ಕೋಲಿನ್ ಕಣ ಬಂದು ಎರಡು ಕಡೆ ಕೂತರೆ ಕೊಳವೆ ತೆರೆಯುತ್ತದೆ. ಕೆರೆಯ ತೂಬು ಎತ್ತಿದ ಹಾಗೆ ಸೋಡಿಯಂ ಒಳಗೆ ಹರಿಯುತ್ತದೆ. ಸ್ನಾಯು ಬಿಗಿಯುತ್ತದೆ.

ಬಿಗಿದದ್ದು ಸಡಿಲವೂ ಆಗಬೇಕಲ್ಲ. ಅದಕ್ಕೆ ಸಂದಿನಲ್ಲೇ ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನುವ ಇನ್ನೊಂದು ಪ್ರೋಟೀನ್ ಕೂತಿದೆ. ಸೆಕೆಂಡಿಗೆ ಸಾವಿರಾರು ಕಣಗಳನ್ನು ಕತ್ತರಿಸಿಹಾಕುವ ಕೆಲಸಗಾರ ಅದು. ಮುಂದಿನ ಸಂಕೇತ ಬರುವಷ್ಟರಲ್ಲಿ ಸಂದು ಗುಡಿಸಿ ಸ್ವಚ್ಛ.

ನೀವು ಈ ಸಾಲು ಓದುವಾಗ ರೆಪ್ಪೆ ಬಡಿದದ್ದು, ಎದೆ ಏರಿ ಇಳಿದದ್ದು, ಎಲ್ಲ ಹೀಗೇ ಆದದ್ದು.

ಈಗ ನಾಗರಹಾವಿನ ವಿಷ ತೆಗೆದುಕೊಳ್ಳಿ. ಅದರಲ್ಲಿ ಆಲ್ಫಾ ನ್ಯೂರೋಟಾಕ್ಸಿನ್ ಅನ್ನುವ ಚಿಕ್ಕ ಪ್ರೋಟೀನುಗಳಿವೆ. ಮೂರು ಬೆರಳು ಚಾಚಿದ ಅಂಗೈಯಂತಿರುವ ಆಕಾರ. ಅದರ ಬೆರಳು ಹೋಗಿ ರಿಸೆಪ್ಟರಿನಲ್ಲಿ ಅಸಿಟೈಲ್‌ಕೋಲಿನ್ ಕೂರುವ ಜಾಗಕ್ಕೇ ಅಂಟಿಕೊಳ್ಳುತ್ತದೆ. ನರ ಕರೆಯುತ್ತಲೇ ಇರುತ್ತದೆ, ತೂಬು ಏಳುವುದಿಲ್ಲ.

ಈ ಅಂಟು ಎಷ್ಟು ಗಟ್ಟಿ ಅಂದರೆ ವಿಜ್ಞಾನಿಗಳಿಗೆ ರಿಸೆಪ್ಟರನ್ನು ಹಿಡಿದುಕೊಟ್ಟದ್ದೇ ಅದು. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಅಲ್ಲಿನ ಕಟ್ಟುಹಾವಿನ ವಿಷದಿಂದ ಆಲ್ಫಾ ಬಂಗಾರೊಟಾಕ್ಸಿನ್ ಬೇರ್ಪಡಿಸಿದರು. ಅದನ್ನೇ ಗಾಳದಂತೆ ಬಳಸಿ 1970ರ ಸುಮಾರಿಗೆ ವಿದ್ಯುತ್ ಮೀನುಗಳ ಅಂಗದಿಂದ ಈ ರಿಸೆಪ್ಟರನ್ನು ಹೊರತೆಗೆದರು. ಅಂದಹಾಗೆ ಆ ಹೆಸರಿನಲ್ಲಿ ಬಂಗಾರ ಕೇಳಿಸಿತು ಅಲ್ವಾ? ಕಟ್ಟುಹಾವಿನ ಕುಲದ ಲ್ಯಾಟಿನ್ ಹೆಸರು ಬಂಗಾರಸ್. ಹಳದಿ ಪಟ್ಟೆಯ ಕಟ್ಟುಹಾವಿಗೆ ತೆಲುಗಿನವರು ಇಟ್ಟ ಬಂಗಾರು ಪಾಮು ಅನ್ನುವ ಹೆಸರೇ ಅದರ ಮೂಲ.

ಮುಂಗುಸಿ ಯಾಕೆ ಸಾಯುವುದಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಅದು ಕಾಡಿಗೆ ಓಡಿಹೋಗಿ ಯಾವುದೋ ಬೇರು ತಿಂದು ಬರುತ್ತದೆ ಅಂತ ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಮದ್ದು ಇರುವುದು ಅದರ ಸ್ನಾಯುವಿನಲ್ಲೇ. ವಿಷದ ಬೆರಳು ಕೂರುವ ಜಾಗದಲ್ಲಿ ಮುಂಗುಸಿಯ ರಿಸೆಪ್ಟರಿನ ಕೆಲವು ಅಮೈನೋ ಆಮ್ಲಗಳು ಬದಲಾಗಿವೆ. ಜೊತೆಗೆ ಅಲ್ಲೊಂದು ಸಕ್ಕರೆಯ ಸರಪಳಿ ಅಡ್ಡ ನಿಂತಿದೆ. ಅಸಿಟೈಲ್‌ಕೋಲಿನ್‌ಗೆ ದಾರಿಯಿದೆ, ವಿಷಕ್ಕೆ ಇಲ್ಲ. ನಾಗರಹಾವಿನ ಸ್ವಂತ ರಿಸೆಪ್ಟರಿನಲ್ಲೂ ಇಂಥದ್ದೇ ಸಕ್ಕರೆಯ ತಡೆ ಇದೆ. ತನ್ನ ವಿಷ ತನಗೇ ತಗಲದಿರುವುದು ಅದರಿಂದ.

ಇನ್ನೊಂದು ವಿಷಯ ಪ್ರತಿ ಮನೆಗೂ ಗೊತ್ತಿರಬೇಕು. ಈ ಸಂಪರ್ಕದಲ್ಲಿ ಬೇಕಾದ್ದಕ್ಕಿಂತ ಬಹಳ ಜಾಸ್ತಿ ರಿಸೆಪ್ಟರುಗಳಿವೆ. ಮುಕ್ಕಾಲು ಪಾಲಿನಷ್ಟು ಮುಚ್ಚಿಹೋಗುವವರೆಗೂ ಸ್ನಾಯುವಿನ ಬಲ ಕಡಿಮೆಯಾದಂತೆ ಕಾಣುವುದೇ ಇಲ್ಲ. ಆಮೇಲೆ ಉಳಿದದ್ದು ಸ್ವಲ್ಪವೇ, ಅದು ಬೇಗ ಕುಸಿಯುತ್ತದೆ. ಕಚ್ಚಿ ಎರಡು ಗಂಟೆಯಾಯಿತು, ಏನೂ ಆಗಿಲ್ಲ, ಮನೆಗೆ ಹೋಗೋಣ ಅನ್ನುವ ಲೆಕ್ಕ ತಪ್ಪುವುದು ಇಲ್ಲಿ. ರೆಪ್ಪೆ ಜೋತುಬಿದ್ದಾಗ ವಿಷ ಈಗಷ್ಟೇ ಕೆಲಸ ಶುರುಮಾಡಿದೆ ಅಂತ ನಮಗನ್ನಿಸುತ್ತದೆ. ಅಷ್ಟು ಹೊತ್ತಿಗೆ ಅದು ಬಹಳ ದೂರ ಬಂದಿರುತ್ತದೆ. ರೆಪ್ಪೆ ಮತ್ತು ಕಣ್ಣಿನ ಸ್ನಾಯುಗಳು ಮೊದಲು ಸೋಲುತ್ತವೆ, ಆಮೇಲೆ ಗಂಟಲು ಮತ್ತು ಕತ್ತು. ಉಸಿರಾಡಿಸುವ ವಪೆ ಬಹಳ ಹೊತ್ತು ತಡೆದುಕೊಳ್ಳುತ್ತದೆ, ಅದಕ್ಕೇ ಅದರ ಸರದಿ ಕೊನೆಗೆ ಬರುತ್ತದೆ.

ಅನುಭವವಿರುವ ವೈದ್ಯರು ಇದನ್ನು ಅಳೆಯುವ ರೀತಿ ಬಹಳ ಸರಳ. ತಲೆ ಅಲ್ಲಾಡಿಸದೆ ಮೇಲೆ ನೋಡಿ ಅನ್ನುತ್ತಾರೆ. ನೋಡುತ್ತಾ ಇದ್ದ ಹಾಗೆ ರೆಪ್ಪೆ ಮೆಲ್ಲಗೆ ಇಳಿಯುತ್ತದೆ. ದಿಂಬಿನಿಂದ ತಲೆ ಎತ್ತಿ ಅನ್ನುತ್ತಾರೆ. ಆಮೇಲೆ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸಲು ಹೇಳುತ್ತಾರೆ. ಆರೋಗ್ಯವಾಗಿರುವವರು ಮೂವತ್ತು ದಾಟಿಬಿಡುತ್ತಾರೆ. ಹದಿನೈದಕ್ಕೇ ಉಸಿರು ಮುಗಿದರೆ ಗಂಟಲಿಗೆ ನಳಿಕೆ ಹಾಕಲು ಸಿದ್ಧರಾಗಬೇಕು.

ನಾಗರ ಕಚ್ಚಿದವರಿಗೆ ಆ್ಯಂಟಿವೆನಮ್, ಅಂದರೆ ಹಾವಿನ ಇಂಜೆಕ್ಷನ್, ಅದರ ಜೊತೆ ನಿಯೋಸ್ಟಿಗ್ಮಿನ್ ಅನ್ನುವ ಮದ್ದೂ ಕೊಡುವುದುಂಟು. ಅದು ಗುಡಿಸುವ ಪ್ರೋಟೀನನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಸಂದಿನಲ್ಲಿ ಅಸಿಟೈಲ್‌ಕೋಲಿನ್ ತುಂಬಿಕೊಂಡು, ವಿಷದ ಜೊತೆ ಜಾಗಕ್ಕೆ ಪೈಪೋಟಿ ಮಾಡಿ ಗೆಲ್ಲುತ್ತದೆ. ಕೆಲವರಲ್ಲಿ ಅರ್ಧ ಗಂಟೆಯಲ್ಲಿ ಕಣ್ಣು ತೆರೆಯುತ್ತದೆ. ಬೀಗ ಕೆಟ್ಟಿಲ್ಲ, ಅದರಲ್ಲಿ ತಪ್ಪು ಕೀಲಿ ಸಿಕ್ಕಿಕೊಂಡಿದೆ ಅಷ್ಟೇ, ಅನ್ನುವ ಸ್ಥಿತಿ ಇದು.

ಕಟ್ಟುಹಾವಿನ ಕಥೆಯೇ ಬೇರೆ.

ಅದರ ವಿಷದಲ್ಲಿ ಆಲ್ಫಾ ಜಾತಿಯದೂ ಇದೆ. ಜೊತೆಗೆ ಬೀಟಾ ಬಂಗಾರೊಟಾಕ್ಸಿನ್ ಅನ್ನುವುದೊಂದಿದೆ. ಅದು ಹುಡುಕಿಕೊಂಡು ಹೋಗುವುದು ಈಚೆ ದಡವನ್ನು, ಅಂದರೆ ನರದ ತುದಿಯನ್ನು. ಇದರ ಒಂದು ಭಾಗ ನರದ ಪೊರೆಯ ಪೊಟ್ಯಾಸಿಯಂ ಕೊಳವೆಗಳನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಭಾಗ ಫಾಸ್ಫೋಲೈಪೇಸ್ ಅನ್ನುವ ಕಿಣ್ವ. ಅದು ಪೊರೆಯ ಕೊಬ್ಬನ್ನೇ ತುಂಡರಿಸುತ್ತದೆ. ಚೀಲಗಳು ಖಾಲಿಯಾಗುತ್ತವೆ. ಕ್ಯಾಲ್ಸಿಯಂ ಅಂಕೆಯಿಲ್ಲದೆ ನುಗ್ಗುತ್ತದೆ. ಒಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಊದಿ ಹಾಳಾಗುತ್ತವೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಒಂದು ದಿನದೊಳಗೆ ನರದ ತುದಿಗಳೇ ನಾಶವಾಗಿದ್ದವು.

ಇಲ್ಲಿ ಆ್ಯಂಟಿವೆನಮ್ ಏನು ಮಾಡೀತು? ಕುದುರೆಯ ರಕ್ತದಿಂದ ತೆಗೆದ ಆ್ಯಂಟಿಬಾಡಿಗಳು ಅವು. ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿದು ಕಟ್ಟಿಹಾಕುತ್ತವೆ. ಈಗಾಗಲೇ ಮುರಿದುಬಿದ್ದ ನರತುದಿಯನ್ನು ಕಟ್ಟಿಕೊಡಲು ಅವುಗಳಿಂದ ಆಗುವುದಿಲ್ಲ. ಬೇಗ ಕೊಟ್ಟಷ್ಟೂ ಒಳ್ಳೆಯದು ಅನ್ನುವುದರ ಅರ್ಥ ಇದೇ. ಮೊದಲ ಸುತ್ತಿಗೆ ಸಾಮಾನ್ಯವಾಗಿ 10 ವೈಲ್, ಅಂದರೆ ಸಣ್ಣ ಬಾಟಲಿ, ಕೊಡುತ್ತಾರೆ. ಬೇಕಾದರೆ ಇನ್ನೊಂದು ಸುತ್ತು. ಅದರಾಚೆಗೆ ಸುಮ್ನೆ ವೈಲ್ ಮೇಲೆ ವೈಲ್ ಸುರಿದರೆ ರೆಪ್ಪೆ ಏಳುವುದಿಲ್ಲ. ನಿಯೋಸ್ಟಿಗ್ಮಿನ್‌ನಿಂದಲೂ ಹೆಚ್ಚು ಪ್ರಯೋಜನವಿಲ್ಲ. ಈಚೆಯಿಂದ ಅಸಿಟೈಲ್‌ಕೋಲಿನ್ ಬಿಡುಗಡೆಯೇ ಆಗದಿದ್ದರೆ ಉಳಿಸಿಕೊಳ್ಳುವುದಾದರೂ ಏನನ್ನು?

ಹಾಗಾದರೆ ಈ ರೋಗಿ ಬದುಕುವುದು ಹೇಗೆ? ನರ ಮತ್ತೆ ಬೆಳೆಯಬೇಕು. ಅದು ಬೆಳೆಯುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದು.

ನರದ ತುದಿ ಹೋದರೂ ಸಂದಿನಲ್ಲಿರುವ ತೆಳು ಹಾಸು ಉಳಿದಿರುತ್ತದೆ. ಕಪ್ಪೆಗಳ ಮೇಲೆ 1970ರ ದಶಕದಲ್ಲಿ ಜ್ಯಾಕ್ ಮೆಕ್‌ಮಹನ್ ಮತ್ತು ಜೊತೆಗಾರರು ಮಾಡಿದ ಪ್ರಯೋಗಗಳಲ್ಲಿ ಹೊಸ ನರ ಹುಡುಕಿಕೊಂಡು ಬಂದು ಹಳೆಯ ಜಾಗದಲ್ಲೇ ಕೂತಿತು. ಆ ಹಾಸಿನಲ್ಲಿ ಅಗ್ರಿನ್ ಅನ್ನುವ ಪ್ರೋಟೀನ್ ನೆಲೆಯೂರಿರುತ್ತದೆ ಎಂದು ಅದೇ ಗುಂಪು ಮುಂದೆ ಕಂಡುಕೊಂಡಿತು. ಅಗ್ರಿನ್ ಸ್ನಾಯುವಿನ ಪೊರೆಯಲ್ಲಿರುವ ಮಸ್ಕ್ ಅನ್ನುವ ಪ್ರೋಟೀನನ್ನು ಎಚ್ಚರಿಸುತ್ತದೆ. ಅದರ ಮಾತಿನಂತೆ ರ್‍ಯಾಪ್ಸಿನ್ ಅನ್ನುವ ಇನ್ನೊಂದು ಪ್ರೋಟೀನ್ ರಿಸೆಪ್ಟರುಗಳನ್ನು ಒಂದು ಕಡೆ ಗುಂಪುಗೂಡಿಸಿ ಹಿಡಿದಿಡುತ್ತದೆ. ಇವು ಇರುವುದರಿಂದ ನರ ಇಲ್ಲದ ದಿನಗಳಲ್ಲೂ ಸ್ನಾಯು ಆ ಜಾಗವನ್ನು ಕಾಯ್ದಿರಿಸಿಕೊಂಡಿರುತ್ತದೆ. ಊರು ಬಿಟ್ಟು ಹೋದವರ ಮನೆಯ ಅಂಗಳವನ್ನು ಅಕ್ಕಪಕ್ಕದವರು ಗುಡಿಸಿ ಇಟ್ಟ ಹಾಗೆ.

ಇದಕ್ಕೆಲ್ಲ ಬೇಕಾಗುವುದು ಸಮಯ. ಹಲವು ದಿನ, ಕೆಲವರಿಗೆ ವಾರಗಟ್ಟಲೆ. ಅಷ್ಟೂ ದಿನ ರೋಗಿಯ ಉಸಿರನ್ನು ಬೇರೆ ಯಾರಾದರೂ, ಬೇರೆ ಏನಾದರೂ ನಡೆಸಬೇಕು. ಕಟ್ಟುಹಾವು ಕಚ್ಚಿದವರನ್ನು ಉಳಿಸುವ ದೊಡ್ಡ ಮದ್ದು ಗಾಳಿ. ವೆಂಟಿಲೇಟರ್ ಇದ್ದರೆ ಅದು, ಇಲ್ಲದ ಕಡೆ ಆಂಬು ಬ್ಯಾಗ್ ಅನ್ನುವ ರಬ್ಬರ್ ಚೀಲ ಮತ್ತು ಅದನ್ನು ಒತ್ತುವ ಕೈ. ನಾಲ್ಕೈದು ಸೆಕೆಂಡಿಗೊಮ್ಮೆ ಒತ್ತಬೇಕು, ಬಿಡಬೇಕು. ತಾಲ್ಲೂಕಿನಿಂದ ಜಿಲ್ಲಾ ಆಸ್ಪತ್ರೆಗೆ ಎರಡು ಗಂಟೆ ದಾರಿಯಿದ್ದರೆ ಆ ಎರಡು ಗಂಟೆಯೂ ಆಂಬುಲೆನ್ಸಿನಲ್ಲಿ ಒಬ್ಬರು ಒತ್ತುತ್ತಲೇ ಇರಬೇಕು. ಕೈ ಸೋತರೆ ಇನ್ನೊಬ್ಬರು. ಹೀಗೆ ಒತ್ತಿದವರು ಉಳಿಸಿದ ಜೀವಗಳು ನಮ್ಮ ನಡುವೆ ಓಡಾಡಿಕೊಂಡಿವೆ.

ಈ ರೋಗಿಯ ಮುಂದೆ ಮಾತಾಡುವಾಗ ಬಹಳ ಎಚ್ಚರ ಬೇಕು. ಕಣ್ಣು ತೆರೆಯಲಾರರು, ಬೆರಳು ಎತ್ತಲಾರರು. ಕಟ್ಟುಹಾವಿನ ವಿಷದಲ್ಲಿ ಕಣ್ಣಿನ ಪಾಪೆ ಕೂಡ ಹಿಗ್ಗಿ ನಿಂತುಬಿಡಬಹುದು. ಟಾರ್ಚ್ ಬಿಟ್ಟರೂ ಕುಗ್ಗುವುದಿಲ್ಲ. ನೋಡುವವರಿಗೆ ಮೆದುಳು ಸತ್ತ ಹಾಗೆ ಕಾಣುತ್ತದೆ. ಆದರೆ ಈ ವಿಷ ಕೆಡಿಸಿರುವುದು ನರ ಸ್ನಾಯು ಸೇರುವ ಸಂದುಗಳನ್ನು, ಮೆದುಳನ್ನಲ್ಲ. ಉಸಿರು ಸರಿಯಾಗಿ ಸಿಗುತ್ತಿದ್ದರೆ ಒಳಗೆ ಎಚ್ಚರವಿರುತ್ತದೆ, ಕಿವಿ ಕೇಳಿಸುತ್ತಿರುತ್ತದೆ. ಇನ್ನೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅನ್ನುವ ಮಾತು ಅವರಿಗೂ ಕೇಳಿಸಬಹುದು. ಹೀಗೆ ಮೆದುಳು ಸತ್ತಂತೆ ಕಂಡವರು ಪೂರ್ತಿ ಚೇತರಿಸಿಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಉಸಿರಿನ ವ್ಯವಸ್ಥೆ ಗಟ್ಟಿ ಮಾಡಿದರೆ ಉಪಯೋಗ ಹಾವಿನ ರೋಗಿಗಳಿಗಷ್ಟೇ ಅಲ್ಲ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮೈಗೆ ಸೇರಿದರೆ ಅದರ ಪೆಟ್ಟು ಬೀಳುವುದೂ ಇದೇ ಸಂದಿಗೆ. ಅದು ಗುಡಿಸುವ ಪ್ರೋಟೀನನ್ನು ಕೆಲಸ ಮಾಡದಂತೆ ಕೂರಿಸಿಬಿಡುತ್ತದೆ. ಅಸಿಟೈಲ್‌ಕೋಲಿನ್ ತುಂಬಿ ತುಳುಕಿ ಸ್ನಾಯು ಮೊದಲು ಅದುರುತ್ತದೆ, ಆಮೇಲೆ ಸೋಲುತ್ತದೆ. ಔಷಧಿ ಕೊಟ್ಟು ಜೊಲ್ಲು, ಬೆವರು ಎಲ್ಲ ನಿಂತು, ಇನ್ನು ಬಚಾವಾದರು ಅಂತ ಮನೆಯವರು ನಿಟ್ಟುಸಿರು ಬಿಟ್ಟಿರುತ್ತಾರೆ. ಒಂದರಿಂದ ನಾಲ್ಕು ದಿನದೊಳಗೆ ಕೆಲವರಿಗೆ ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ. ನೋಡನೋಡುತ್ತ ಉಸಿರು ಸೋಲುತ್ತದೆ. ಇದನ್ನು 1987ರಲ್ಲಿ ಶ್ರೀಲಂಕಾದ ವೈದ್ಯರು ಗುರುತಿಸಿ ಬರೆದರು. ಇಲ್ಲೂ ಕಾಯುವುದು ವೆಂಟಿಲೇಟರೇ.

ಹೊಸ ಸಂಶೋಧನೆಗಳು ಭರವಸೆ ಕೊಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ 2024ರಲ್ಲಿ ಒಂದು ಕೃತಕ ಮಾನವ ಆ್ಯಂಟಿಬಾಡಿ ಪ್ರಕಟಿಸಿತು. ಅದರ ಉಪಾಯ ಚೆನ್ನಾಗಿದೆ. ಸ್ನಾಯುವಿನ ರಿಸೆಪ್ಟರ್ ವಿಷವನ್ನು ಹೇಗೆ ಹಿಡಿಯುತ್ತದೋ ಹಾಗೇ ಇದೂ ಹಿಡಿಯುತ್ತದೆ. ವಿಷ ಮೋಸ ಹೋಗಿ ಇದಕ್ಕೇ ಅಂಟಿಕೊಳ್ಳುತ್ತದೆ. ಇಲಿಗಳಲ್ಲಿ ಫಲ ಸಿಕ್ಕಿದೆ. 2025ರ ಜನವರಿಯಲ್ಲಿ ನೊಬೆಲ್ ವಿಜೇತ ಡೇವಿಡ್ ಬೇಕರ್ ಅವರ ಪ್ರಯೋಗಾಲಯ ಮತ್ತು ಡೆನ್ಮಾರ್ಕಿನ ಸಂಶೋಧಕರು ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಿದ ಪುಟ್ಟ ಪ್ರೋಟೀನುಗಳು ಮೂರು ಬೆರಳಿನ ವಿಷವನ್ನು ತಡೆದದ್ದನ್ನು ತೋರಿಸಿದರು. ಅದೂ ಇಲಿಗಳಲ್ಲೇ. ಈ ಮೂರು ಬೆರಳಿನ ವಿಷಗಳು ಬಹಳ ಚಿಕ್ಕವು. ಕುದುರೆಯ ಮೈ ಅವುಗಳ ವಿರುದ್ಧ ಬಲವಾದ ಆ್ಯಂಟಿಬಾಡಿ ಮಾಡುವುದಿಲ್ಲ. ಈಗಿನ ಆ್ಯಂಟಿವೆನಮ್ ಕುಂಟುವ ಜಾಗಕ್ಕೇ ಇವು ಬರಲಿವೆ, ಆದ್ದರಿಂದ ಈ ಕೆಲಸ ದೊಡ್ಡದು.

ಆದರೆ ಎರಡೂ ಗುರಿಯಿಟ್ಟಿರುವುದು ಆಚೆ ದಡದ ವಿಷಕ್ಕೆ. ನರದ ತುದಿ ತಿನ್ನುವ ಫಾಸ್ಫೋಲೈಪೇಸನ್ನು ತಡೆಯಲು ವರೆಸ್ಪ್ಲಾಡಿಬ್ ಅನ್ನುವ ಅಣುವೊಂದಿದೆ. ಅದನ್ನು ಬಾಯಲ್ಲಿ ತೆಗೆದುಕೊಳ್ಳುವ ರೂಪದಲ್ಲಿ ಭಾರತ ಮತ್ತು ಅಮೆರಿಕದಲ್ಲಿ ಹಾವು ಕಚ್ಚಿದ ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ. ಒಟ್ಟು ರೋಗಿಗಳಲ್ಲಿ ಸ್ಪಷ್ಟ ಗೆಲುವು ಸಿಗಲಿಲ್ಲ. ಬೇಗ ತೆಗೆದುಕೊಂಡವರಲ್ಲಿ ಅನುಕೂಲದ ಸೂಚನೆ ಇದೆ. ಇವೆಲ್ಲ ಔಷಧಿಯಾಗಿ ನಮ್ಮ ತಾಲ್ಲೂಕಿಗೆ ಬರುವವರೆಗೆ ಕಟ್ಟುಹಾವು ಕಾಯುತ್ತಾ ಕೂರುವುದಿಲ್ಲ.

ಈಗ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ನೆಲದ ಮೇಲೆ ಮಲಗುವುದಾದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸಿ. ಕಚ್ಚಿದ ಮೇಲೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಮೆಣಸಿನಕಾಯಿ, ಬೇವಿನ ಸೊಪ್ಪು ತಿನ್ನಿಸಿ ರುಚಿ ನೋಡುವುದರಲ್ಲಿ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ನಡೆಸದೆ ಕರೆದುಕೊಂಡು ಹೊರಡಿ. ಮಳೆಗಾಲದ ಬೆಳಗಿನ ಜಾವ ಹೊಟ್ಟೆನೋವಿನ ಜೊತೆ ರೆಪ್ಪೆ ಜೋಲುತ್ತಿದ್ದರೆ, ಹಾವು ಕಾಣದಿದ್ದರೂ ಕಟ್ಟುಹಾವು ಅಂತಲೇ ತಿಳಿಯಿರಿ.

ಹಾವು ಕಡಿತ ಈಗ ಸರ್ಕಾರದ ಲೆಕ್ಕಕ್ಕೆ ಬಂದಿದೆ. ಆ ಲೆಕ್ಕದಲ್ಲಿ ಇನ್ನೆರಡು ಕಾಲಂ ಸೇರಬೇಕು ಅನ್ನುವುದು ನನ್ನ ಒತ್ತಾಯ. ರೋಗಿಗೆ ಉಸಿರಿನ ನೆರವು ಎಷ್ಟು ಹೊತ್ತಿಗೆ ಸಿಕ್ಕಿತು? ದಾರಿಯಲ್ಲಿ ಆಂಬು ಬ್ಯಾಗ್ ಒತ್ತಲು ಬರುವವರು ಜೊತೆಗಿದ್ದರೇ? ಇದು ಬರೆದಿಟ್ಟರೆ ಯಾವ ತಾಲ್ಲೂಕಿನಲ್ಲಿ ಕೊರತೆಯಿದೆ ಅಂತ ಒಂದೇ ಮಳೆಗಾಲದಲ್ಲಿ ತಿಳಿಯುತ್ತದೆ.

ಇವತ್ತೇ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಫೋನ್ ಮಾಡಿ. ಇಂಜೆಕ್ಷನ್ ಇದೆಯಾ ಅಂತ ಕೇಳಿ. ಇದೆ ಅಂದ ಮೇಲೆ ಫೋನ್ ಇಡಬೇಡಿ. ವೆಂಟಿಲೇಟರ್ ಇದೆಯಾ, ರಾತ್ರಿ ಮೂರು ಗಂಟೆಗೆ ಅದನ್ನು ನಡೆಸುವವರು ಇರ್ತಾರಾ ಅಂತಲೂ ಕೇಳಿ.